ಗಲ್ ಎಂದು ಕರೆಸಿಕೊಂಡವಳು

ಪರೇಲಿನ ಒಂದು ಖಾಸಗಿ ಲ್ಯಾಬಿನಲ್ಲಿ, ರಕ್ತಪರೀಕ್ಷೆಗೆ ಬಂದವರ ಹೆಸರು ಬರೆದುಕೊಳ್ಳುವ ಕೌಂಟರು ನನ್ನದು. ಪಕ್ಕದ ಕುರ್ಚಿಯವಳು ಚೆಂಬೂರಿನವಳು, ಮೂಲ ನಮ್ಮ ಉಡುಪಿ ಕಡೆಯೇ. ಅವಳು ಕಾನ್ವೆಂಟಿನಲ್ಲಿ ಓದಿದ್ದಳು, ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ಯಾವ ಡಾಕ್ಟರಾದರೂ ಫೋನಿನಲ್ಲಿ ಇಂಗ್ಲಿಷ್ ಶುರುಮಾಡಿದರೆ ಅವಳೇ ನನ್ನ ಕೈಯಿಂದ ಫೋನು ತೆಗೆದುಕೊಂಡು ಮಾತಾಡುತ್ತಿದ್ದಳು. ಅದೇ ನನಗೆ ದೊಡ್ಡ ಉಪಕಾರ.

ಒಂದು ಚಳಿಗಾಲ ಲ್ಯಾಬಿನವರೆಲ್ಲ ಲಾಂಚಿನಲ್ಲಿ ಅಲಿಬಾಗ್ ಕಡೆ ಪಿಕ್ನಿಕ್ ಹೋದೆವು. ಬಿಳಿ ಹಕ್ಕಿಗಳ ಹಿಂಡು ಲಾಂಚಿನ ಬೆನ್ನುಹತ್ತಿತು. ನಾನು ಪೊಟ್ಟಣ ಖಾಲಿಯಾಗುವವರೆಗೂ ಸೇವ್ ಎಸೆದೆ. "ಇವು ಗಲ್," ಅಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಒಂದು ಗಲ್ಲೇ ಮಾರಾಯ್ತಿ!" ಎಂದು ನಕ್ಕಳು. ಅಂದಿನಿಂದ ಲ್ಯಾಬಿನಲ್ಲಿ ನನಗೆ ಅದೇ ಹೆಸರು. ನಲವತ್ತು ದಾಟಿದವಳನ್ನು ಹಕ್ಕಿಗೆ ಹೋಲಿಸಿದಳಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಕೆಲವು ವಾರ ಕಳೆದು ಅವಳು ಕಣ್ಣು ತುಂಬಿಕೊಂಡು ಬಂದಳು. ಅತ್ತೆಗೆ ಲಕ್ವ ಹೊಡೆದಿದೆ, ಶನಿವಾರ ನೋಡಿಕೊಳ್ಳುವವರು ಯಾರೂ ಇಲ್ಲ ಅಂದಳು. ನನಗೆ ರಜೆಯಿದ್ದ ಶನಿವಾರಗಳಲ್ಲಿ ಅವಳ ಡ್ಯೂಟಿ ನಾನು ಮಾಡತೊಡಗಿದೆ. ಹೆಚ್ಚುಕಡಿಮೆ ಎರಡು ವರ್ಷ. ಆ ದಿನಗಳಲ್ಲಿ ನನ್ನ ಮಗಳು ಶಾಲೆಯಿಂದ ಬಂದು ತಾನೇ ಬೀಗ ತೆಗೆದು, ತಣ್ಣಗಿನ ಅನ್ನ ಉಣ್ಣುತ್ತಿದ್ದಳು. ಮೊದಮೊದಲು "ಮಮ್ಮಿ, ಯಾವಾಗ ಬರ್ತೀ?" ಎಂದು ಫೋನು ಮಾಡುತ್ತಿದ್ದವಳು, ಆಮೇಲೆ ಕೇಳುವುದನ್ನೇ ಬಿಟ್ಟಳು.

ಒಂದು ಶನಿವಾರ ಲ್ಯಾಬಿನ ಮಿಷನ್ ಕೆಟ್ಟು ಮಧ್ಯಾಹ್ನವೇ ಬಾಗಿಲು ಹಾಕಿದರು. ರೋಗಿಯನ್ನು ಒಮ್ಮೆ ನೋಡಿ ಬರೋಣವೆಂದು ಮೋಸಂಬಿ ಕೊಂಡು ಚೆಂಬೂರಿನ ಬಸ್ಸು ಹತ್ತಿದೆ. ಬಾಗಿಲು ತೆಗೆದದ್ದು ಅತ್ತೆಯೇ. ಕೈತುಂಬ ಚಕ್ಕುಲಿ ಹಿಟ್ಟು. ಲ್ಯಾಬಿನಲ್ಲಿ ಅವಳ ಪಕ್ಕದ ಕುರ್ಚಿಯವಳು ನಾನು ಎಂದೆ.

"ಸೊಸೆ ಕ್ಲಾಸಿಗೆ ಹೋಗಿದ್ದಾಳಲ್ಲ! ಶನಿವಾರ ಅವಳಿಗೆ ಮ್ಯಾನೇಜ್‌ಮೆಂಟ್ ಕೋರ್ಸು. ಮುಂದಿನ ತಿಂಗಳು ಪರೀಕ್ಷೆ. ನಿಮಗೆ ಹೇಳಿಲ್ವಾ?" ನನ್ನನ್ನು ಒಂದು ಕ್ಷಣ ನೋಡಿ ಮುಖವರಳಿಸಿದರು. "ಓ, ಗಲ್ ಅಂದ್ರೆ ನೀವೇಯಾ? ಮನೇಲಿ ನಿಮ್ಮ ಸುದ್ದಿ ಹೇಳಿ ಹೇಳಿ ನಗ್ತಾಳೆ."

ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಬಿಸಿ ಚಕ್ಕುಲಿ ಕಟ್ಟಿಕೊಟ್ಟರು. ಮೋಸಂಬಿ ಅಲ್ಲೇ ಇಟ್ಟು ಬಂದೆ.

ಮನೆಗೆ ಬಂದು ಮಗಳನ್ನು ಕೇಳಿದೆ, ಗಲ್ ಅಂದರೆ ಏನು ಎಂದು. ಅವಳು ಮೊಬೈಲ್ ನೋಡಿದಳು. "ಸಮುದ್ರದ ಬರ್ಡ್. ಔರ್ ಏಕ್ ಮೀನಿಂಗ್ ಇದೆ, ಹಳೇದು. ಯಾರು ಬೇಕಾದ್ರೂ ಈಸಿಯಾಗಿ ಮೋಸ ಮಾಡಬಹುದಾದ ಮನುಷ್ಯ. ಬುದ್ಧೂ." ಆಮೇಲೆ ಮೆಲ್ಲಗೆ, "ಯಾಕೆ ಮಮ್ಮಿ?" ಅಂದಳು. ನಾನು ಚಕ್ಕುಲಿಯ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ.

ಸೋಮವಾರ ಲ್ಯಾಬಿನಲ್ಲಿ ಪಕ್ಕದ ಕುರ್ಚಿಯವಳನ್ನು ಕೇಳಿಯೇಬಿಟ್ಟೆ. ಅವಳ ಮುಖ ಕೆಂಪಾಯಿತು, ಆದರೆ ದನಿ ತಗ್ಗಲಿಲ್ಲ.

"ಕೋರ್ಸಿಗೆ ಅಂತ ಹೇಳಿದ್ರೆ ನೀನು ಡ್ಯೂಟಿ ಮಾಡ್ತಿರಲಿಲ್ವಾ?"

"ಮಾಡ್ತಿದ್ದೆ."

"ಮತ್ತೆ ನಿಂಗೆ ಹೋದದ್ದು ಎಂತ?"

ನನ್ನ ಮಗಳ ಶನಿವಾರಗಳು ಅನ್ನಬೇಕಿತ್ತು. ಅಷ್ಟರಲ್ಲಿ ಯಾರೋ ಚೀಟಿ ಹಿಡಿದು ಕೌಂಟರಿಗೆ ಬಂದರು, ನಾನು ಹೆಸರು ಕೇಳಿ ಬರೆದುಕೊಂಡೆ.

ಅವಳ ಡ್ಯೂಟಿ ಮಾಡುವುದನ್ನು ಮಾತ್ರ ಅಂದೇ ನಿಲ್ಲಿಸಿದೆ. ಆದರೆ ಮಗಳಿಗೆ ಅಷ್ಟರಲ್ಲಿ ತನ್ನದೇ ಆದ ಗೆಳತಿಯರಿದ್ದರು. ನಾನು ಮನೆಯಲ್ಲಿದ್ದ ಮೊದಲ ಶನಿವಾರ ಅವಳು ಬ್ಯಾಗು ಎಸೆದು, ಬಟ್ಟೆ ಬದಲಿಸಿ, "ಲೇಟ್ ಆಗುತ್ತೆ" ಎಂದು ಹೊರಟುಹೋದಳು.

ಕೋರ್ಸು ಮುಗಿದ ಮೇಲೆ ಅವಳನ್ನು ನಮ್ಮ ಸೂಪರ್‌ವೈಸರ್ ಮಾಡಿದರು. ಪೇಡೆಯ ಡಬ್ಬಿ ಹಿಡಿದು ಒಬ್ಬೊಬ್ಬರ ಬಳಿಗೂ ಬಂದಳು. ನನ್ನ ಮುಂದೆ ನಿಂತಾಗ ಲ್ಯಾಬಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಬೇಡ ಅನ್ನಲು ನನ್ನಿಂದಾಗಲಿಲ್ಲ. ಒಂದು ಪೇಡೆ ತೆಗೆದುಕೊಂಡು ತಿಂದೆ. ಕಂಗ್ರಾಜುಲೇಷನ್ಸ್ ಎಂದೂ ಹೇಳಿದೆ.