ಮಚ್ಚೆ ಗಿಡದ ಹೆಸರು ಹುಡುಕಿದ್ದು

ನನ್ನ ಮೊಮ್ಮಗಳು ಏಳನೇ ಕ್ಲಾಸು. ನಾನು ಓದಿದ್ದು ಮೂರನೆಯದು, ಅದೂ ಪೂರ್ತಿಯಲ್ಲ. ಆದರೂ ಏನೇ ಹೊಸದು ಕೈಗೆ ಸಿಕ್ಕರೂ ಅವಳು ಮೊದಲು ಓಡಿ ಬರುವುದು ನನ್ನ ಹತ್ತಿರವೇ. ಇದನ್ನು ನಾಲ್ಕು ಜನ ಕೇಳಲಿ ಅಂತಲೇ ನಾನು ಹೇಳುವುದು.

ಹೋದ ಯುಗಾದಿ ಕಳೆದ ಮೇಲೆ ಹೊಳಲ್ಕೆರೆಯಲ್ಲಿ ಗಾಡಿಯ ಮೇಲೆ ಗಿಡ ಮಾರುವವನಿಂದ ಅವಳೊಂದು ಗಿಡ ಕೊಂಡು ತಂದಳು. ಗೇಣುದ್ದದ ಗಿಡ, ತಟ್ಟೆಯಂಥ ಕುಂಡ. ಕಾಂಡ ನನ್ನ ಬೆನ್ನಿನ ಹಾಗೆ ಬಾಗಿತ್ತು. ಎಲೆ ಮಾತ್ರ ಎಂಥ ಚೆಂದ ಅಂತೀರಿ! ನಡುವೆ ಹಸಿರು, ಅಂಚಿಗೆಲ್ಲ ಸುಣ್ಣ ಸಿಡಿಸಿದ ಹಾಗೆ ಬಿಳಿ. ಥೇಟ್ ಮಚ್ಚೆ ಕುರಿಮರಿ.

“ಏನು ಗಿಡವ್ವ ಇದು?”

“ಬೋನ್ಸಾಯ್, ತಾತ.”

“ಅದು ಗಿಡದ ಹೆಸರಾ?”

“ಅಲ್ಲ. ದೊಡ್ಡದಾಗಿ ಬೆಳೆಯೋದನ್ನ ಕತ್ತರಿಸಿ ಕತ್ತರಿಸಿ ಕುಳ್ಳಗೆ ಇಡ್ತಾರಲ್ಲ, ಅದಕ್ಕೆ ಹಂಗಂತಾರೆ.”

“ಹಂಗಾದ್ರೆ ಇವ್ರು ಯಾವುದನ್ನ ಕುಳ್ಳಗೆ ಮಾಡವ್ರೆ?”

ಅದು ಅವಳಿಗೂ ಗೊತ್ತಿಲ್ಲ. ಮಾರುವವನನ್ನೂ ಕೇಳಿದ್ದಳಂತೆ. “ಹೊಸಬರಿಗೆ ಇದೇ ಒಳ್ಳೇದು, ತಗಂಡು ಹೋಗಮ್ಮ” ಅಂದನಂತೆ ಆ ಪುಣ್ಯಾತ್ಮ.

ಅದನ್ನು ಓದುವ ಟೇಬಲ್ಲಿನ ಮೇಲೆ ಇಟ್ಟುಕೊಳ್ಳಬೇಕೆಂದು ಅವಳ ಆಸೆ. ಆದರೆ ಸೊಸೆ ಬಾಗಿಲಲ್ಲೇ ತಡೆದಳು. ಮನೆಯಲ್ಲಿ ಇನ್ನೊಂದು ಕೂಸು ಅಂಬೆಗಾಲಿಡುತ್ತಿದೆ, ಇವಳ ತಮ್ಮ. ಅವನ ಬಾಯಿಗೆ ಹೋಗದ ವಸ್ತುವೇ ಇಲ್ಲ. ನನ್ನ ಚಪ್ಪಲಿಯ ರುಚಿಯನ್ನೂ ನೋಡಿದ್ದಾನೆ, ಜಾಣ!

“ವಿಷದ ಗಿಡ ಆದ್ರೆ ಏನು ಮಾಡ್ತೀಯ? ಏನು ಅಂತ ಗೊತ್ತಾಗೋ ತನಕ ಜಗಲಿ ಮೇಲೇ ಇರ್ಲಿ. ಗೊತ್ತಾಗ್ಲಿಲ್ಲ ಅಂದ್ರೆ ಕೊಟ್ಟವನಿಗೇ ವಾಪಸ್. ಮಾವ, ನೀವು ಇವಳ ಕಡೆ ಸೇರ್ಕಬೇಡ್ರಿ.”

ನಾನು ಆಗಲೇ ಸೇರಿಕೊಂಡಾಗಿತ್ತು.

ಎಲೆಗೆ ಹಿಡಿದರೆ ಫೋನೇ ಗಿಡದ ಹೆಸರು ಹೇಳುತ್ತದಂತೆ. ಮೊಮ್ಮಗಳು ಹಿಡಿದಳು. ದಾಸವಾಳ ಅಂದಿತು. ಪಕ್ಕಕ್ಕೆ ತಿರುಗಿಸಿ ಹಿಡಿದಳು. ಆಲದ ಜಾತಿ ಅಂದಿತು. ನಾನೊಂದು ಎಲೆಯ ತೊಟ್ಟು ಮುರಿದು ತೋರಿಸಿದೆ. “ಹಾಲು ಬಂತಾ? ಹಾಲಿಲ್ಲದ ಆಲ ಎಲ್ಲೈತವ್ವ?”

ಅವಳ ಕಣ್ಣು ಅರಳಿತು. “ತಾತ, ಹಿಂಗೇ ಒಂದೊಂದೇ ತೆಗೆದು ಹಾಕ್ತಾ ಹೋಗಾಣ!”

ಕುರಿ ಕಾಯ್ದು ಬೆಳೆದವನು ನಾನು. ನನಗೆ ಗೊತ್ತಿರುವುದು ಎರಡೇ ಜಾತಿ: ಕುರಿ ತಿನ್ನುವ ಗಿಡ, ಕುರಿ ತಿನ್ನದ ಗಿಡ. ಒಂದೆಲೆ ಒಯ್ದು ಹಿತ್ತಲ ಕುರಿಯ ಮೂತಿಗೆ ಹಿಡಿದೆ. ಮೂಸಿತು, ಸೀನಿತು, ಮುಖ ತಿರುಗಿಸಿಕೊಂಡು ಹೋಯಿತು. ಅದು ತಿನ್ನುವ ಮೊದಲೇ ಕೈ ಹಿಂದಕ್ಕೆ ತೆಗೆಯಬೇಕೆಂದು ನಾನೂ ಕಾದಿದ್ದೆ.

“ಲಂಟಾನ ಕಣವ್ವ ಇದು, ಸಂಶಯವಿಲ್ಲ” ಅಂದೆ.

ಅವಳು ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದಳು. “ಲಂಟಾನದೆಲೆ ಒರಟು ಅಲ್ವಾ? ಇದು ನುಣ್ಣಗೈತೆ, ಆ ವಾಸನೇನೂ ಇಲ್ಲ. ನಿನ್ನ ತಲೆಗಿಂತ ನನ್ನ ಫೋನೇ ವಾಸಿ, ತಾತ.”

ಹೀಗೆ ನನ್ನನ್ನು ಸೋಲಿಸುವಾಗ ಅವಳ ಮುಖ ನೋಡಬೇಕು!

ಕೆಲವು ದಿನ ಕಳೆದವು. ಜಗಲಿಯ ನೆರಳಲ್ಲಿ ಎಲೆ ಉದುರತೊಡಗಿತು. ವಾಪಸ್ಸಿನ ಮಾತು ಮತ್ತೆ ಬಂತು. ಅಷ್ಟರಲ್ಲಿ ಬುಡದಿಂದ ಒಂದು ಚಿಗುರು ನೆಟ್ಟಗೆ ಎದ್ದಿತು. ಅದರಲ್ಲಿ ಬಿಳಿಯ ಸುಳಿವೇ ಇಲ್ಲ, ಪೂರಾ ಹಸಿರು. ಮೊಮ್ಮಗಳು ಕತ್ತರಿ ಹಿಡಿದು ಬಂದಳು.

“ಇಂಥ ಚಿಗುರು ಬಿಟ್ರೆ ಗಿಡವೆಲ್ಲ ಹಸಿರಾಗುತ್ತಂತೆ ತಾತ, ವಿಡಿಯೋದಲ್ಲಿ ಹೇಳಿದ್ರು.”

“ತಡಿಯೇ ತಾಯಿ, ಇದರ ಮುಖ ನೋಡಾಣ.”

ದಿನಾ ನೋಡಿದೆ. ಎಲೆ ಜೋಡಿಜೋಡಿಯಾಗಿ ಬಿಟ್ಟವು. ಎಲೆಯ ಕಂಕುಳಲ್ಲಿ ಸಣ್ಣ ಮುಳ್ಳು ಮೂಡಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವನಿಗೆ ತಟ್ಟನೆ ಗುರುತು ಸಿಕ್ಕಿತು. ಬಣ್ಣ ಒರೆಸಿಕೊಂಡ ಮೇಲೆ ವೇಷದವನು ನಮ್ಮ ಪಕ್ಕದ ಮನೆಯವನೇ ಅಂತ ಗೊತ್ತಾಗುವುದಿಲ್ಲವೇ, ಹಾಗೆ. ನಮ್ಮ ರಾಮಗಿರಿ ರೈಲ್ವೆ ಸ್ಟೇಷನ್ ಹತ್ತಿರದ ಬೇಲಿ! ಅಲ್ಲಿ ಎಷ್ಟು ಸಲ ಕುರಿ ಹೊಡೆದುಕೊಂಡು ಹೋಗಿದ್ದೇನೆ. ಒಂದು ಕುರಿಯೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ.

ಬಾಯಿ ಮುಕ್ಕಳಿಸಿ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಆಳೆತ್ತರದ ಪೊದೆ, ಇಳಿಬಿದ್ದ ನೀಲಿ ಹೂ, ಗೊಂಚಲು ಗೊಂಚಲು ಹಳದಿ ಕಾಯಿ. ಅವಳು ಒಯ್ದಿದ್ದ ಮಚ್ಚೆ ಎಲೆಯನ್ನು ಅಲ್ಲಿಯ ಹಸಿರೆಲೆಯ ಮೇಲಿಟ್ಟಳು. ಬಣ್ಣ ಬಿಟ್ಟರೆ ಒಂದೇ ತಾಯಿಯ ಮಕ್ಕಳು. ಆಮೇಲೆ ಹೂವಿಗೆ, ಕಾಯಿಗೆ, ಎಲೆಗೆ ಫೋನ್ ಹಿಡಿದಳು. ಈ ಸಲ ಮೂರಕ್ಕೂ ಒಂದೇ ಉತ್ತರ.

“ದು... ದುರಂತ!”

“ಥೂ, ಬಿಡ್ತು ಅನ್ನು!”

“ಇಂಗ್ಲಿಷ್‌ನಾಗೆ ಬರ್ದವ್ರೆ ತಾತ. ಡುರಾಂಟ ಅಂತಿರ್ಬೇಕು.”

ಇಬ್ಬರೂ ಬೇಲಿ ಹಿಡಿದು ನಕ್ಕೆವು. ಅವಳು ಮುಂದೆ ಓದುತ್ತಾ ಓದುತ್ತಾ ನಗು ನಿಲ್ಲಿಸಿದಳು. ಬಿಸಿಲು ಚೆನ್ನಾಗಿ ಬೇಕು ಎಂದಿತ್ತು. ಕಾಯಿ ವಿಷ, ಎಲೆಯನ್ನೂ ತಿನ್ನಬಾರದು ಎಂದೂ ಇತ್ತು.

ಮನೆ ಕಡೆ ತಿರುಗಿದೆವು. ಅವಳು ಕೇಳಿದ್ದರೆ, ವಿಷದ ಮಾತು ಬಿಟ್ಟು ಅಮ್ಮನಿಗೆ ಹೆಸರು ಮಾತ್ರ ಹೇಳು ಅಂತ ನಾನು ಅಂದುಬಿಡುತ್ತಿದ್ದೆನೇನೋ. ಅವಳು ಕೇಳಲೇ ಇಲ್ಲ. ನೇರ ಅಡಿಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

“ಒಳಗೆ ಬೇಡಮ್ಮ. ನೀನು ಹೇಳಿದ್ದೇ ಸರಿ. ತಾರಸಿ ಮ್ಯಾಲೆ ಇಡ್ತೀನಿ, ಬಿಸಿಲೂ ಸಿಗುತ್ತೆ. ಮೆಟ್ಟಿಲ ಬಾಗಿಲಿಗೆ ಚಿಲಕ ನಾನೇ ಹಾಕ್ತೀನಿ. ಹೂ ಕಾಯಾಗೋಕೆ ಬಿಡಲ್ಲ. ವಾಪಸ್ ಮಾತ್ರ ಕೊಡ್ಬೇಡ.”

ಸೊಸೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಮಗಳನ್ನೇ ನೋಡಿದಳು. “ತಾರಸಿ ಮ್ಯಾಲೆ ಅಂದ್ರೆ ಇರ್ಲಿ ಬಿಡು” ಅಂದಳು. ನನ್ನ ಕಡೆ ತಿರುಗಿ, “ಆದ್ರೂ ಮಾವ, ಊರಾಗಿರೋ ಗಿಡವೆಲ್ಲ ಬಿಟ್ಟು ದುರಂತನೇ ಬೇಕಿತ್ತಾ ನಮ್ಮನಿಗೆ?”

ಈಗ ಅದು ನೀರಿನ ಟ್ಯಾಂಕಿನ ಪಕ್ಕದಲ್ಲಿದೆ. ಬಿಸಿಲು ಕಂಡ ಮೇಲೆ ಎಲೆ ಉದುರುವುದು ನಿಂತಿದೆ. ಸಂಜೆ ಅವಳು ಪುಸ್ತಕ ಹಿಡಿದು ಮೇಲೆ ಬರುತ್ತಾಳೆ, ಹಿಂದೆಯೇ ನಾನು. ಮೊನ್ನೆ ಸೊಸೆ ಅಂಗಳದಿಂದ ಕೂಗಿದಳು: “ಮಾವ, ದುರಂತ ಹೆಂಗೈತೆ?”

ಪಕ್ಕದ ಮನೆಯಾಕೆ ಕೈಯಲ್ಲಿನ ಮೊರದ ಸಮೇತ ಓಡಿ ಬಂದಳು. “ಅಯ್ಯೋ, ಏನಾಯ್ತ್ರಿ?”

“ಏನೂ ಆಗಿಲ್ಲ ಕಣವ್ವ” ಅಂತ ನಾನು ಮೇಲಿಂದ ಅಂದೆ. “ಭಾಳ ಚೆನ್ನಾಗಿ ಚಿಗುರೈತೆ. ಬರ್ರಿ, ಬಂದು ನೋಡ್ರಿ!”