ಸೊರಬದ ಸ್ಪಂಜು

ನನಗೆ ಮೀನು ಸಾಕುವ ಆಸೆ ಯಾವತ್ತೂ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಹೇಳುವುದೆಲ್ಲ ಯಾರದೋ ಹವ್ಯಾಸದ ಕಥೆಯಂತೆ ಕೇಳಿಸುತ್ತದೆ.

ನಮ್ಮ ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ನನ್ನ ಗಂಡ, ಶಿಕಾರಿಪುರದಲ್ಲಿ ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾರೆ. ಚಿಕ್ಕವರದು ಸೊರಬದಲ್ಲಿ ಬಟ್ಟೆ ಅಂಗಡಿ. ಅತ್ತೆ ಯುಗಾದಿಗೆ ನಮ್ಮಲ್ಲಿಗೆ ಬಂದರೆ ಮಹಾನವಮಿಗೆ ಸೊರಬಕ್ಕೆ ಹೋಗುತ್ತಾರೆ. ಯಾರೂ ಕೂತು ಮಾತಾಡಿ ಮಾಡಿದ ಏರ್ಪಾಡಲ್ಲ, ಹಾಗೇ ನಡೆದುಕೊಂಡು ಬಂದದ್ದು. ನನ್ನ ಹೆತ್ತ ತಾಯಿ ನಾನು ಕೂಸಾಗಿದ್ದಾಗಲೇ ಹೋದವಳು. ರೊಟ್ಟಿ ತಟ್ಟುವುದು, ಬಾಣಂತನ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವುದು, ಇದೆಲ್ಲ ನನಗೆ ಅತ್ತೆಯಿಂದಲೇ ಸಿಕ್ಕಿದ್ದು. ಅವರು ಸೊರಬಕ್ಕೆ ಹೋದ ದಿನ ಅಡುಗೆಮನೆಯಲ್ಲಿ ನನಗೆ ಅಳು ಬರುತ್ತದೆ ಅಂದರೆ ನಮ್ಮ ಬೀದಿಯ ಹೆಂಗಸರು ನಂಬುವುದಿಲ್ಲ. ಅತ್ತೆ ಹೋದರೆ ಅಳುವ ಸೊಸೆಯನ್ನು ಅವರು ಕಂಡಿಲ್ಲ.

ಈ ವರ್ಷ ಯುಗಾದಿ ಕಳೆದರೂ ಅತ್ತೆ ಬರಲಿಲ್ಲ. ಫೋನ್ ಮಾಡಿದರೆ, "ಇನ್ನೊಂದ್ ವಾರ ಇದ್ದು ಬರ್ತೀನವ್ವ, ಕರಿ ಮೀನು ಮರಿ ಹಾಕೋ ಹಂಗೈತಿ" ಅಂದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಗೊತ್ತಾಯಿತು, ನನ್ನ ವಾರಗಿತ್ತಿ ನಡುಮನೆಯಲ್ಲಿ ಮೀನಿನ ಟ್ಯಾಂಕು ಇಡಿಸಿದ್ದಾಳೆ. ಮೀನಿನ ಬಾಣಂತನಕ್ಕೆ ನಮ್ಮ ಅತ್ತೆ ಅಲ್ಲಿ ಉಳಿದುಕೊಂಡಿದ್ದರು.

ನೆಂಟರ ಮದುವೆಯೊಂದರ ನೆಪ ಮಾಡಿಕೊಂಡು ಸೊರಬಕ್ಕೆ ಹೋಗಿ ನೋಡಿದೆ. ಶಿವಮೊಗ್ಗದಿಂದ ಸ್ಟ್ಯಾಂಡು ಸಮೇತ ತರಿಸಿದ ಟ್ಯಾಂಕು, ದಿವಾನದಷ್ಟು ಉದ್ದ. ನೀಲಿ ಲೈಟು, ಹಿಂದೆ ಸಮುದ್ರದ ಚಿತ್ರ, ಗುಳುಗುಳು ಗುಳ್ಳೆ. ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಅತ್ತೆ ತಟ್ಟೆ ತೊಡೆಯ ಮೇಲಿಟ್ಟು ಉಪ್ಪಿಟ್ಟು ತಿನ್ನುತ್ತಿದ್ದರು. "ಬಾ ಇಲ್ಲಿ, ನೋಡು, ಆ ಕೆಂಪಂದು ನನ್ನ ಕಂಡ್ರೆ ಗಾಜಿನ ಹತ್ರ ಬರ್ತೈತಿ" ಅಂದರು. ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಬಂದವಳು ನಾನು. ಕಾಲು ನೋವಾ ಅಂತ ಕೇಳಲಿಲ್ಲ. ವಾರಗಿತ್ತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು, ಅವಳು ಕೊಟ್ಟ ಪಾನಕಕ್ಕೂ ಆರಲಿಲ್ಲ.

ವಾಪಸು ಬಂದು ಗಂಡನಿಗೆ ಹೇಳಿದೆ, ನಮ್ಮನೆಗೂ ಟ್ಯಾಂಕು ಬೇಕು ಅಂತ.

"ಲಿಂಗಪೂಜೆ ಮಾಡೋ ಮನ್ಯಾಗೆ ಮೀನಾ?" ಅಂದರು.

"ತಿನ್ನಾಕಲ್ಲರೀ, ನೋಡಾಕೆ."

"ನೋಡಾಕೆ ಅಂಜನಾಪುರದ ಡ್ಯಾಮಿಗೆ ಹೋಗು, ಬೇಕಾದಷ್ಟದಾವು. ಅಂಗಡಿ ದುಡ್ಡು ಮಾತ್ರ ಕೇಳಬ್ಯಾಡ."

ಕೇಳಲಿಲ್ಲ. ಇರುವುದರಲ್ಲೇ ಮಾಡಿ ತೋರಿಸಬೇಕು ಅಂತ ಹಟ ಬಂತು. ನಮ್ಮ ಬೀದಿಯ ಬೇಕರಿಯೊಂದು ಮುಚ್ಚಿತ್ತು. ಅದರ ಶೋಕೇಸಿನ ದಪ್ಪ ಗಾಜು ಗೋಡೆಗೆ ಒರಗಿ ಧೂಳು ತಿನ್ನುತ್ತಿತ್ತು. ಅದನ್ನು ಬೇಡಿ ತಂದೆ. ಕಿಟಕಿ ಕೂರಿಸುವವರು ಗಾಜು ಕತ್ತರಿಸಿ ಅಂಟು ಹಾಕಿ ಪೆಟ್ಟಿಗೆ ಮಾಡಿಕೊಟ್ಟರು. ಅಂಗಳದಲ್ಲಿ ನೀರು ತುಂಬಿ ಇಟ್ಟರೆ ಒಂದು ಮೂಲೆಯಲ್ಲಿ ಸೋರಿತು, ಮತ್ತೆ ಅಂಟು ಹಾಕಿಸಿದೆ. ಸ್ಟ್ಯಾಂಡಿಗೆ ಅತ್ತೆಯ ಹಳೆಯ ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲು, ಅದರ ಮೇಲೆ ಒಂದು ಹಳೆಯ ಬಾಗಿಲ ಹಲಗೆ, ಗಾಜಿನ ತಳಕ್ಕೆ ಟಿವಿ ಬಂದ ಡಬ್ಬದ ಥರ್ಮಾಕೋಲು. ಪಕ್ಕದವರು ಮನೆ ಕಟ್ಟಿಸಲು ಹಾಕಿಸಿದ್ದ ಮರಳಿನಲ್ಲಿ ಒಂದು ಪುಟ್ಟಿ ಕೇಳಿ, ಜರಡಿ ಹಿಡಿದು, ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೆ ತೊಳೆದೆ. ಡ್ಯಾಮಿನ ದಂಡೆಯಿಂದ ಕಲ್ಲು ತಂದು ಒಂದೊಂದರ ಮೇಲೂ ನಿಂಬೆಹುಳಿ ಹಿಂಡಿದೆ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರು ಗಡಸಾಗುತ್ತದೆ ಅಂತ ಮೊಬೈಲಿನ ವಿಡಿಯೋದಲ್ಲಿ ಹೇಳಿದ್ದರು. ಕಾಲುವೆಯ ನೀರೊಳಗೆ ಬೆಳೆಯುವ ಗಿಡದ ನಾಲ್ಕು ಎಳೆ ತಂದು ನೆಟ್ಟೆ. ದುಡ್ಡು ಕೊಟ್ಟು ತಂದದ್ದು ಗಾಳಿ ಊದುವ ಸಣ್ಣ ಮೋಟರು ಮತ್ತು ಫಿಲ್ಟರಿನ ಕೊಳವೆ ಅಷ್ಟೇ.

ಎಲ್ಲ ಮುಗಿದ ಮೇಲೆ ವಿಡಿಯೋ ಒಂದು ತಕರಾರು ತೆಗೆಯಿತು. ಹೊಸ ನೀರಿಗೆ ಮೀನು ಬಿಟ್ಟರೆ ಅವುಗಳ ಹೊಲಸೇ ಅವುಗಳಿಗೆ ವಿಷವಂತೆ. ಆ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ತಾವಾಗಿ ಬೆಳೆಯಬೇಕು, ಅದಕ್ಕೆ ತಿಂಗಳೇ ಬೇಕು. ಆದರೆ ಯಾರದಾದರೂ ಹಳೆಯ ಟ್ಯಾಂಕಿನಿಂದ ಪಾಚಿ ಹಿಡಿದ ಸ್ಪಂಜು ತಂದು ಹಾಕಿದರೆ ಕಾಯಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂತ ನನಗೆ ತಕ್ಷಣ ತಿಳಿಯಿತು. ತಿಳಿದು ಸಿಟ್ಟೂ ಬಂತು. ಸುತ್ತಲ ಊರುಗಳಲ್ಲೆಲ್ಲ ನನಗೆ ಗೊತ್ತಿದ್ದ ಹಳೆಯ ಟ್ಯಾಂಕು ಒಂದೇ, ಅದು ವಾರಗಿತ್ತಿಯದು.

ನಾನು ಅವಳಿಗೆ ಫೋನ್ ಮಾಡಲಿಲ್ಲ. ಅತ್ತೆಗೆ ಮಾಡಿದೆ. "ನಮ್ಮನ್ಯಾಗೂ ಮೀನಿನ ಟ್ಯಾಂಕು ಆಗೈತ್ರಿ ಅತ್ತೇರೆ. ಬರೋವಾಗ ಅಲ್ಲಿದು ಒಂದು ಹಳೇ ಸ್ಪಂಜು ಇಸ್ಕೊಂಡು ಬರ್ರಿ" ಅಂದೆ. ಅತ್ತೆಗೆ ಖುಷಿಯಾಯಿತು. ಸೋಮವಾರವೇ ಬರುತ್ತೇನೆ ಅಂದರು. ಗೆದ್ದೆ ಅನ್ನಿಸಿತು.

ಸೋಮವಾರ ಮೀನು ತರಲು ಶಿರಾಳಕೊಪ್ಪಕ್ಕೆ ಹೋದೆ. ಜಗಳವಾಡದೆ ಒಂದೇ ಗಾಜಿನೊಳಗೆ ಇರುವ ಮೀನುಗಳನ್ನೇ ಆರಿಸಿ ಬಿಟ್ಟರೆ ಅದಕ್ಕೆ ಕಮ್ಯುನಿಟಿ ಟ್ಯಾಂಕು ಅನ್ನುತ್ತಾರಂತೆ. ಗಪ್ಪಿ, ಪ್ಲಾಟಿ, ಒಂದು ಜೊತೆ ಕಪ್ಪು ಮೋಲಿ ತೆಗೆದುಕೊಂಡೆ. ಬಸ್ಸಿನಲ್ಲಿ ನೀರಿನ ಕವರು ಮಡಿಲಲ್ಲಿಟ್ಟುಕೊಂಡು ಕೂತರೆ ನಮ್ಮವರ ಪೈಕಿಯ ಅಜ್ಜಿಯೊಬ್ಬರು ನನ್ನ ಹಣೆಯ ವಿಭೂತಿ, ಮಡಿಲ ಮೀನು ಎರಡನ್ನೂ ನೋಡಿ, "ಯಾರ ಮನೇರವ್ವ ನೀನು?" ಅಂದರು. ಇದೂ ಆ ಸೊರಬದವಳಿಂದಲೇ ಆದ ಅವಮಾನ ಅಂತ ಅವಳ ಲೆಕ್ಕಕ್ಕೆ ಹಾಕಿಕೊಂಡೆ.

ಮನೆಗೆ ಬಂದಾಗ ಇಳಿಹೊತ್ತು. ಅತ್ತೆ ಮಧ್ಯಾಹ್ನದ ಬಸ್ಸಿಗೇ ಬಂದು ನಡುಮನೆಯಲ್ಲಿ ಕೂತಿದ್ದರು. ತಮ್ಮ ಹೊಲಿಗೆ ಮಿಷನ್ನಿನ ಕಾಲಿನ ಮೇಲೆ ಟ್ಯಾಂಕು ನೋಡಿ, "ಎಷ್ಟ್ ಚಲೋ ಮಾಡೀಯ" ಅಂದರು. ಅಷ್ಟು ಸಾಕಿತ್ತು ನನಗೆ. ಆಮೇಲೆ ಸ್ಪಂಜು ಕೊಟ್ಟರು. ಅದು ಮಲ್ಲಿಗೆಯ ಹಾಗೆ ಬೆಳ್ಳಗಿತ್ತು, ಒಣಗಿ ಗರಿಗರಿಯಾಗಿತ್ತು. ಇದೇನು ಇವಳ ಮನೆಯ ಕೊಳೆಯೂ ಬೆಳ್ಳಗಿರುತ್ತದಾ ಅಂದುಕೊಂಡೆ. ಮರುಗಳಿಗೆಗೆ ಅನುಮಾನ ಬಂತು. ಆದರೆ ಕವರಿನಲ್ಲಿ ಮೀನು ಕಾಯುತ್ತಿದ್ದವು, ಅತ್ತೆ ಆಗಲೇ ಕುರ್ಚಿ ಎಳೆದುಕೊಂಡಿದ್ದರು. ಸ್ಪಂಜು ಸಿಕ್ಕಿಸಿ ಮೀನು ಬಿಟ್ಟೆ.

ಎರಡು ದಿನ ನಮ್ಮ ಮನೆ ಸ್ವರ್ಗವಾಗಿತ್ತು. ಅತ್ತೆ ನಮ್ಮ ಟ್ಯಾಂಕಿನ ಎದುರು ಕೂತು ಶೇಂಗಾ ಸುಲಿದರು. ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅರ್ಧ ನೀರು ತೆಗೆದು ಹೊಸದು ಹಾಕಿದೆ, ಮತ್ತೆ ತೆಗೆದೆ. ಮೊದಲು ಪ್ಲಾಟಿಗಳು ಹೋದವು, ಆಮೇಲೆ ಮೋಲಿ. ವಾರ ತುಂಬುವುದರೊಳಗೆ ಒಂದೇ ಒಂದು ಗಪ್ಪಿ ಉಳಿಯಿತು. ಅತ್ತೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತರು. ಇನ್ನು ಇವರು ಇಲ್ಲಿ ನಿಲ್ಲುವುದಿಲ್ಲ ಅಂತ ನನಗೆ ಖಾತ್ರಿಯಾಯಿತು.

ಯಾರು ಮಾಡಿದ್ದು ಅನ್ನುವುದೂ ಖಾತ್ರಿಯಾಗಿತ್ತು. ಅವಳಿಗೆ ಎಲ್ಲ ಗೊತ್ತು, ಬೇಕಂತಲೇ ತೊಳೆದ ಸ್ಪಂಜು ಕಳಿಸಿದ್ದಾಳೆ, ನನ್ನ ಟ್ಯಾಂಕು ಹಾಳಾದರೆ ಅತ್ತೆ ತಾನಾಗಿ ಸೊರಬಕ್ಕೆ ಬರುತ್ತಾರೆ ಅಂತ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ಅನ್ನಲಿ. ಸ್ಪಂಜು ಮಾತ್ರ ಬೆಳ್ಳಗಿತ್ತಲ್ಲ.

ಅವತ್ತು ಸಂಜೆ ಅವಳೇ ಅತ್ತೆಯ ಮೊಬೈಲಿಗೆ ಫೋನ್ ಮಾಡಿದಳು. ಅತ್ತೆಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. "ಅಕ್ಕ ಇದಾರನ? ಮೀನು ಹೆಂಗಿದಾವೆ ಅಕ್ಕ?" ಅಂದಳು.

"ನೀನು ತೊಳದು ಕಳಿಸಿದ್ದಕ್ಕೆ ಹೆಂಗಿರ್ತಾವೋ ಹಂಗದಾವು. ಸತ್ತದಾವು" ಅಂದೆ.

"ನಾ ಎಲ್ಲಿ ತೊಳ್ದೆ? ಟ್ಯಾಂಕಿನ ನೀರಲ್ಲೇ ಮುಳುಗ್ಸಿ ಡಬ್ಬಿ ಮುಚ್ಚಳ ಹಾಕಿ ಕೊಟ್ಟಿದೀನಿ ಮಾರಾಯ್ತಿ."

"ಹಂಗಾದ್ರೆ ಅದೇ ಬಸ್ಸಿನಾಗೆ ಸ್ನಾನ ಮಾಡ್ಕೊಂಡು ಬಂತೇನು?"

ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ತೊಳದಾಕಿ ನಾನು" ಅಂದರು.

ನಾನು ಅವರ ಕಡೆ ತಿರುಗಿದೆ.

"ನೀನು ಶಿರಾಳಕೊಪ್ಪಕ್ಕೆ ಹೋಗಿದ್ದಿಯಲ್ಲ, ಆವಾಗ ಡಬ್ಬಿ ತಗದು ನೋಡಿದೆ. ಕರ್ರಗೆ ಲೋಳಿ ಲೋಳಿ, ನಾತ. ಇದನ್ನ ಹಂಗೇ ಕೊಟ್ರೆ ತನ್ನ ಮನೆ ಹೊಲಸು ನನಗೆ ಕಳಿಸ್ಯಾಳ ಅಂತೀಯ ನೀನು. ಹಿತ್ತಲ ಕಲ್ಲಿನ ಮ್ಯಾಲೆ ಸೋಪು ಹಾಕಿ ತಿಕ್ಕಿ ಬಿಸಿಲಿಗಿಟ್ಟೆ."

"ಅತ್ತೇರೆ, ನಾನ್ಯಾಕೆ ಹಂಗಂತಿದ್ದೆ?"

"ಅಲ್ಲಿಂದ ಏನು ತಂದ್ರೂ ನೀನು ಮೊದಲು ಮೂಸಿ ನೋಡ್ತೀಯವ್ವ. ಇಲ್ಲಿಂದ ಒಯ್ದದ್ದನ್ನ ಅಕಿ ಬಾಗಿಲಾಚೆ ಇಟ್ಟು ಬಿಸಿಲು ತೋರಿಸ್ತಾಳೆ. ಡಬ್ಬಿ, ಚೀಲ, ರೊಟ್ಟಿ ಸುತ್ತಿದ ಬಟ್ಟೆ, ನನ್ನ ಸೀರೆ ಸೈತ. ಇಷ್ಟು ವರ್ಷ ಈ ಮನಿದು ಆ ಮನಿಗೆ ಹತ್ತದಂಗೆ, ಆ ಮನಿದು ಈ ಮನಿಗೆ ಹತ್ತದಂಗೆ ತೊಳಕೊಂಡೇ ಓಡಾಡೀನಿ. ಇದೊಂದು ತೊಳೀಬಾರದು ಅಂತ ನನಗೆ ಯಾರು ಹೇಳಿದ್ರು?"

ಫೋನು ಕಟ್ಟಾಯಿತೇನೋ ಅಂತ ನೋಡಿದೆ, ಆಗಿರಲಿಲ್ಲ. ಅವಳು, "ಅಕ್ಕ, ನೀವೇ ಬಂದು ತಗೊಂಡ್ ಹೋಗಿ" ಅಂದಳು.

ಮರುದಿನ ಸೊರಬಕ್ಕೆ ಹೋದೆ. ಅವಳು ರವಿಕೆಯ ತೋಳು ಮೇಲಕ್ಕೆ ಸರಿಸಿ ಟ್ಯಾಂಕಿಗೆ ಕೈ ಹಾಕಿ ಇನ್ನೊಂದು ಸ್ಪಂಜು ತೆಗೆದಳು. ಕಪ್ಪು ನೀರು ಅವಳ ಒಳ್ಳೆಯ ಸೀರೆಯ ಮೇಲೆ ಸುರಿಯಿತು. ಒರೆಸಿಕೊಳ್ಳದೆ ಅಂದಳು: "ಅತ್ತೆ ನಿಮ್ಮನೆಯಿಂದ ಬಂದ್ರೆ ವಾರಗಟ್ಟಲೆ ನನ್ನ ರೊಟ್ಟಿ ಮುಟ್ತಾ ಇರ್ಲಿಲ್ಲ, ಗೊತ್ತನ? ದೊಡ್ಡಾಕಿ ಹಂಗೆ ತಟ್ತಾಳೆ, ಹಿಂಗೆ ತಟ್ತಾಳೆ ಅಂತಿದ್ರು. ಅದ್ಕೇ ಈ ಟ್ಯಾಂಕ್ ತಂದಿದ್ದು."

ಇಂಥ ಮಾತು ಕೇಳಿದರೆ ಮನಸ್ಸು ಕರಗಬೇಕು ಅನ್ನುತ್ತಾರೆ. ನನಗೆ ಕರಗಲಿಲ್ಲ, ಖುಷಿಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನೇ ಚಪ್ಪರಿಸುತ್ತ ಬಂದೆ. ಡಬ್ಬಿಯ ಮುಚ್ಚಳದ ಸಂದಿಯಿಂದ ಸೊರಬದ ಕೊಳೆ ನೀರು ನನ್ನ ಸೆರಗಿಗೆ ಸೋರುತ್ತಿತ್ತು.

ಟ್ಯಾಂಕಿನ ನೀರು ನಿಧಾನಕ್ಕೆ ಹದಕ್ಕೆ ಬಂತು. ಉಳಿದಿದ್ದ ಗಪ್ಪಿಯ ಜೊತೆಗೆ ಆಮೇಲೆ ಅವಳು ಕಳಿಸಿದ ಗಪ್ಪಿಗಳೂ ಸೇರಿ ಮರಿಗಳಾದವು. ಅತ್ತೆ ಕುರ್ಚಿ ಈ ಕಡೆ ತಿರುಗಿಸಿದರು. ಬಂದವರಿಗೆಲ್ಲ, "ಇವು ನಮ್ಮ ಸೊರಬದವು" ಅಂತ ತೋರಿಸುತ್ತಾರೆ. ಪ್ರತಿ ಸಲವೂ ನನಗೆ ಒಳಗೆ ಚುರ್ ಅನ್ನುತ್ತದೆ.

ಮಹಾನವಮಿಗೆ ಹೊರಡುವಾಗ ಅತ್ತೆಯ ಚೀಲದಲ್ಲಿ ರೊಟ್ಟಿ ಕಟ್ಟಿ ಇಟ್ಟೆ. ಸುತ್ತಿದ ಬಟ್ಟೆಗೆ ನಮ್ಮ ಮನೆಯ ಶೇಂಗಾ ಚಟ್ನಿಯ ಎಣ್ಣೆ ಹತ್ತಿತ್ತು, ಘಮಘಮ ಅನ್ನುತ್ತಿತ್ತು. ನಾನು ಅದನ್ನು ತೆಗೆದು ಬೇರೆ ಬಟ್ಟೆ ಹುಡುಕಲು ಹೋದೆ.

"ಇರ್ಲಿ ಬಿಡು, ಬ್ಯಾರೆ ಬ್ಯಾಡ, ತೊಳೀದೂ ಬ್ಯಾಡ" ಅಂದರು ಅತ್ತೆ. ರೊಟ್ಟಿಯ ಗಂಟನ್ನು ಹಾಗೇ ನನ್ನ ಕೈಯಿಂದ ತೆಗೆದುಕೊಂಡು ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.