ರಸ್ತೆ ದಾಟಿಹೋದ ಬಾಡಿಗೆದಾರರು

ಫೆಬ್ರವರಿ ಹತ್ತೊಂಬತ್ತನೇ ತಾರೀಖು ಬೆಳಗ್ಗೆ ಏಳೂವರೆಗೆ ವರ್ಲನ್ ಟಿಡ್ಮೋರ್‌ಗೆ ಆದಂಥ ಅವಮಾನ ಅಲಬಾಮಾದ ಬೀನ್ ಗ್ಯಾಪ್ ಊರಿನಲ್ಲಿ ಅದುವರೆಗೆ ಯಾವ ಮರ್ಯಾದಸ್ಥನಿಗೂ ಆಗಿರಲಿಲ್ಲ. ಒಂದು ಹಕ್ಕಿ ಅವನ ಅಂಗಳದ ಮೇಲೆ ಎರಡು ಸುತ್ತು ಹೊಡೆದು, ಇಲ್ಲಿ ಬೇಡ ಅಂತ ಮುಖ ತಿರುಗಿಸಿ, ರಸ್ತೆ ದಾಟಿ ಅವನ ಭಾವಮೈದುನ ರೇಫರ್ಡ್‌ನ ಮನೆಗೆ ಹೋಗಿಬಿಟ್ಟಿತು.

ಅದೇನು ಬೀದಿಯಲ್ಲಿ ಹೋಗೋ ಗುಬ್ಬಿಯಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಅದು ಮಾರ್ಟಿನ್ ಹಕ್ಕಿ. ಆ ಸೀಮೆಯ ಮಾರ್ಟಿನ್ ಮರದಲ್ಲಿ ಗೂಡು ಕಟ್ಟುವ ಜಾತಿಯಲ್ಲ. ಮನುಷ್ಯ ಎತ್ತರದ ಕಂಬ ನೆಟ್ಟು, ಒಣಗಿದ ಸೋರೆಬುರುಡೆಗಳಿಗೆ ಬಾಗಿಲು ಕೊರೆದು ತೂಗುಹಾಕಿದರೆ ಮಾತ್ರ ಬ್ರೆಜಿಲ್‌ನಿಂದ ಹಾರಿ ಬಂದು ಅದರೊಳಗೆ ಸಂಸಾರ ಹೂಡುತ್ತದೆ. ಅದಕ್ಕೇ ಅಲ್ಲಿ ಕಂಬದ ಯಜಮಾನನನ್ನು ಮನೆಮಾಲೀಕ ಅಂತಲೇ ಕರೆಯುವುದು. ಹಕ್ಕಿಗಳು ಬಾಡಿಗೆದಾರರು. ಬಾಡಿಗೆಯೆಂದರೆ ಬೆಳಗಿನ ಹಾಡು, ಮತ್ತೆ ‘ನಮ್ಮವು ಬಂದವು’ ಅಂತ ಊರಿಗೆಲ್ಲ ಫೋನ್ ಮಾಡುವ ಹಕ್ಕು. ಬೀನ್ ಗ್ಯಾಪ್‌ನಲ್ಲಿ ಆ ಮೊದಲ ಫೋನ್ ಐವತ್ತೊಂದು ವರ್ಷದಿಂದ ಟಿಡ್ಮೋರ್ ಮನೆಯದು.

ಆ ದಿನ ವರ್ಲನ್ ಕೈಯಲ್ಲಿ ಫೋನ್ ಹಿಡಿದುಕೊಂಡೇ ನಿಂತಿದ್ದ. ಯಾರಿಗೆ ಏನು ಹೇಳುವುದು?

ವರ್ಲನ್‌ಗೆ ಎಪ್ಪತ್ನಾಲ್ಕು. ಕಾಲುಚೀಲದ ಮಿಲ್‌ನಲ್ಲಿ ಮೂವತ್ತಾರು ವರ್ಷ ಹೆಣಿಗೆ ಯಂತ್ರ ರಿಪೇರಿ ಮಾಡಿದವನು. ಅಮೆರಿಕದ ಅರ್ಧ ಜನರ ಕಾಲು ಬೆಚ್ಚಗಿದ್ದುದು ತನ್ನ ಸ್ಪ್ಯಾನರ್‌ನ ಪುಣ್ಯದಿಂದ ಅಂತ ಹೇಳಿಕೊಳ್ಳುತ್ತಿದ್ದ. ಉಳಿದ ಅರ್ಧ? ಅವರು ಬರಿಗಾಲಲ್ಲಿ ತಿರುಗುವವರು, ಅವರ ಹೊಣೆ ಇವನದಲ್ಲ. ಮಿಲ್ ಮುಚ್ಚಿದ ಮೇಲೆ ಅವನ ಪಾಲಿಗೆ ಉಳಿದಿದ್ದು ಇಮೋಜೀನ್ ಎಂಬ ಹೆಂಡತಿ, ಒಂದು ಹಸಿರು ಪಿಕಪ್ ಗಾಡಿ, ಅಂಗಳದಲ್ಲಿ ಅಪ್ಪ ನೆಟ್ಟ ಸೀಡರ್ ಮರದ ಕಂಬ.

ಬುರುಡೆ ಬೆಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗುಡ್ ಫ್ರೈಡೇ ದಿನವೇ ಬೀಜ ಊರಬೇಕು. ಶನಿವಾರ ಊರಿದವನನ್ನು ಅವನು ಕ್ರೈಸ್ತನೆಂದೇ ಒಪ್ಪುತ್ತಿರಲಿಲ್ಲ. ಚಳಿಗಾಲವೆಲ್ಲ ಬೇಲಿಯ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆಮೇಲೆ ಬಾಗಿಲು ಕೊರೆಯುವುದು, ತಳದಲ್ಲಿ ನೀರು ಬಸಿಯಲು ತೂತು, ಮೇಲೆ ಬಿಳಿ ಬಣ್ಣ. ಎಂಬತ್ತೊಂದರಲ್ಲಿ ಬೆಳೆದ ಒಂದು ಬುರುಡೆ ಎಷ್ಟು ದೊಡ್ಡದಿತ್ತೆಂದರೆ ಅದರಲ್ಲಿ ಹನ್ನೊಂದು ಹಕ್ಕಿ ಸಂಸಾರ ಸೇರಿಕೊಂಡವಂತೆ. ನಡುವೆ ಗೋಡೆ ಎತ್ತುವ ವಿಷಯಕ್ಕೆ ಅವುಗಳಲ್ಲಿ ಜಗಳ ಹತ್ತಿ, ಕೊನೆಗೆ ವರ್ಲನ್ನೇ ಏಣಿ ಹತ್ತಿ ಪಂಚಾಯ್ತಿ ಮಾಡಬೇಕಾಯಿತಂತೆ. ಹಕ್ಕಿಗಳಿಲ್ಲದ ಕಾಲದಲ್ಲಿ ಸೊಳ್ಳೆಗಳು ಎಷ್ಟು ಬೆಳೆದಿದ್ದವೆಂದರೆ ಭಾನುವಾರ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವು, ಕಾಣಿಕೆ ತಟ್ಟೆ ಹತ್ತಿರ ಬಂದಾಗ ಮಾತ್ರ ಎದ್ದುಹೋಗುತ್ತಿದ್ದವು. ಇದನ್ನೆಲ್ಲ ನಂಬದವರೂ ಒಂದನ್ನು ಮಾತ್ರ ನಂಬಲೇಬೇಕು, ಯಾಕೆಂದರೆ ಊರೇ ನೋಡಿದೆ. ತೊಂಬತ್ಮೂರರ ಮಾರ್ಚ್‌ನಲ್ಲಿ ಹಿಮ ಬಿದ್ದು ಹಾರುವ ಹುಳವೊಂದೂ ಇಲ್ಲದೆ ಹಕ್ಕಿಗಳು ಸಾಯಲು ಬಿದ್ದಾಗ, ವರ್ಲನ್ ಮೂರು ದಿನ ಮೊಟ್ಟೆ ಹುರಿದು, ಚೂರುಮಾಡಿ, ಚಮಚದಿಂದ ಆಕಾಶಕ್ಕೆ ಚಿಮ್ಮಿಸಿದ. ಹಕ್ಕಿಗಳು ಗಾಳಿಯಲ್ಲೇ ಹಿಡಿದು ತಿಂದವು. ಒಂದು ಹಕ್ಕಿ ಉಪ್ಪು ಸಾಲದು ಅಂದಿತು ಅನ್ನುವುದನ್ನು ಬೇಕಾದರೆ ಬಿಟ್ಟುಬಿಡಿ.

ಅಂಥವನ ಕಂಬವನ್ನು ಬಿಟ್ಟು!

“ಇವುಗಳ ತಾತ ಮುತ್ತಾತಂಗೆ ಮೊಟ್ಟೆ ಹುರಿದು ತಿನ್ನಿಸಿದೋನು ನಾನು, ಇಮೋಜೀನ್! ನಾಚಿಕೆ ಅನ್ನೋದು ಹಕ್ಕಿ ಜಾತಿಗೇ ಇಲ್ವಾ?”

ಇಮೋಜೀನ್ ಬೆಳಗಿನ ತಿಂಡಿಯ ಮೆತ್ತನೆ ಬಿಸ್ಕಿಟ್‌ಗೆ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. “ತಿಂಡಿ ತಿಂದು ಹೋಗಿ ಜಗಳ ಆಡು. ಬರೀ ಹೊಟ್ಟೇಲಿ ನಿನಗೆ ಮಾತು ಸರಿಯಾಗಿ ಬರಲ್ಲ.”

ತಿಂಡಿ ತಿನ್ನದೆ ಹೋದ. ರಸ್ತೆಯಾಚೆ ರೇಫರ್ಡ್‌ನ ಬೋಳು ಅಂಗಳದ ನಡುವೆ ಹೊಸ ಅಲ್ಯೂಮಿನಿಯಂ ಕಂಬ. ಅದರ ತುಂಬ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಬುರುಡೆಗಳು, ಹನ್ನೆರಡೂ ಒಂದೇ ಅಚ್ಚಿನವು. ಬುಡದಲ್ಲಿ ಹಕ್ಕಿಗಳು ಹೆಕ್ಕಿ ತಿನ್ನಲೆಂದು ಪುಡಿಮಾಡಿದ ಮೊಟ್ಟೆಚಿಪ್ಪು ಹರಡಿದೆ. ಬೆಂಚಿನ ಮೇಲಿನ ಸಣ್ಣ ಪೆಟ್ಟಿಗೆಯೊಂದರಿಂದ ಮುದ್ರಿಸಿದ ಮಾರ್ಟಿನ್ ಹಾಡು ಬರುತ್ತಿದೆ. ರೇಫರ್ಡ್ ಕಾಫಿ ಹಿಡಿದು ನಿಂತಿದ್ದ. ಅಕ್ಕ ಇಮೋಜೀನ್‌ಗಿಂತ ಒಂಬತ್ತು ವರ್ಷ ಚಿಕ್ಕವನು, ಸಾವಧಾನದ ಮನುಷ್ಯ. ಆ ಸಾವಧಾನವೇ ವರ್ಲನ್‌ಗೆ ಮೈ ಉರಿಸುತ್ತಿತ್ತು.

“ಏನೋ ಇದು?”

“ಬುರುಡೆ, ವರ್ಲನ್.”

“ಬುರುಡೆ ನಾನು ನೋಡಿಲ್ವಾ? ಇದು ಶಾಂಪೂ ಡಬ್ಬಿ! ನನ್ನ ಬಾಡಿಗೆದಾರರನ್ನ ಶಾಂಪೂ ಡಬ್ಬೀಲಿ ಮಲಗಿಸ್ತೀಯಾ?”

“ಅವಕ್ಕೆ ಹಿಡಿಸಿದ್ರೆ ನಾನೇನು ಮಾಡ್ಲಿ? ಹಗ್ಗ ಹಾಕಿ ಎಳ್ಕೊಂಡು ಬಂದ್ನಾ?”

“ಹಗ್ಗ ಯಾಕೆ, ಪೆಟ್ಟಿಗೇಲಿ ಹಾಡು ಹಾಕಿದೀಯಲ್ಲ! ಯಾರ್ದೋ ಮನೆ ಹಕ್ಕಿ ಹಾಡಿದ್ದು. ಪಕ್ಕದ್ಮನೆ ಮದುವೆ ಊಟದ ವಾಸನೆ ತೋರಿಸಿ ಕರೆದು, ತನ್ನ ಮನೆ ತಂಗಳು ಬಡಿಸಿದ ಹಾಗಾಯ್ತು ಇದು. ಮೊಟ್ಟೆಚಿಪ್ಪು ಬೇರೆ! ಲಂಚ ಕಣೋ ಇದು, ಲಂಚ!”

“ಕಾಫಿ ಕುಡೀತೀಯಾ?”

“ನಿನ್ನ ಮನೆ ಕಾಫಿ ನನಗೆ ವಿಷ!” ಅಂದ ವರ್ಲನ್. ಅದೂ ಕಳ್ಳತನದ್ದೇ ಇರಬಹುದು ಅನ್ನುವ ಧಾಟಿಯಲ್ಲಿ ಲೋಟವನ್ನು ದುರುಗುಟ್ಟಿ ನೋಡಿ ವಾಪಸ್ಸಾದ.

ಅವತ್ತಿನಿಂದ ಅಸಹಕಾರ ಶುರುವಾಯಿತು. ಬೀನ್ ಗ್ಯಾಪ್‌ನ ರಸ್ತೆಯಲ್ಲಿ ಎದುರು ಬರುವ ಪ್ರತಿ ಗಾಡಿಗೂ ಸ್ಟೀರಿಂಗ್ ಮೇಲಿನಿಂದ ಎರಡು ಬೆರಳು ಎತ್ತುವುದು ರೂಢಿ. ಗುರುತಿರಲಿ ಇಲ್ಲದಿರಲಿ, ಎತ್ತಲೇಬೇಕು. ಎತ್ತದೆ ಹೋದರೆ ಗಾಡಿಯೊಳಗೆ ಹೆಣ ಕೂತಿದೆ ಅಂತಲೇ ಅರ್ಥ. ವರ್ಲನ್ ರೇಫರ್ಡ್‌ಗೆ ಬೆರಳೆತ್ತುವುದನ್ನು ನಿಲ್ಲಿಸಿದ. ಬರೀ ನಿಲ್ಲಿಸಲಿಲ್ಲ, ರೇಫರ್ಡ್‌ನ ಗಾಡಿ ಕಂಡೊಡನೆ ಹತ್ತೂ ಬೆರಳುಗಳಿಂದ ಸ್ಟೀರಿಂಗನ್ನು ಅಮುಕಿ ಹಿಡಿದು, ಬೇಕೆಂದೇ ಎತ್ತುತ್ತಿಲ್ಲ ಅನ್ನುವುದು ಕಾಣುವ ಹಾಗೆ ಹೋಗುತ್ತಿದ್ದ. ರೇಫರ್ಡ್ ಮಾತ್ರ ಪ್ರತಿಸಲವೂ ಇಡೀ ಕೈಯನ್ನೇ ಕಿಟಕಿಯಿಂದ ಹೊರಗೆ ಚಾಚಿ ಬೀಸುತ್ತಿದ್ದ. ಇದಕ್ಕಿಂತ ದೊಡ್ಡ ಅಹಂಕಾರ ಉಂಟೇ?

ಉಂಟು ಅನ್ನುವುದು ಬುಧವಾರ ಗೊತ್ತಾಯಿತು.

ಬುಧವಾರ ಸಂಜೆ ಚರ್ಚಿನಲ್ಲಿ ಊಟ, ಆಮೇಲೆ ಪ್ರಾರ್ಥನೆ. ಯಾರಿಗೆ ಕಾಯಿಲೆ, ಯಾರಿಗೆ ಕಷ್ಟ ಅಂತ ಪಟ್ಟಿ ಓದಿ ಎಲ್ಲರೂ ಕಣ್ಣು ಮುಚ್ಚುವುದು. ಊರಿನ ಗುಟ್ಟುಗಳೆಲ್ಲ ಈ ಪಟ್ಟಿಯ ದಾರಿಯಿಂದಲೇ ಹೊರಬರುವುದು. ಹಾಗೇ ಹೇಳಿದರೆ ಅದು ಚಾಡಿ, ಪ್ರಾರ್ಥನೆಗೆ ಅಂತ ಹೇಳಿದರೆ ಪುಣ್ಯ. ಆವತ್ತು ಪಾದ್ರಿ ಬ್ರದರ್ ಡೆಂಟನ್ ಒಬ್ಬರ ಸೊಂಟದ ಆಪರೇಷನ್ನು, ಇನ್ನೊಬ್ಬರ ಮೊಮ್ಮಗನ ಪರೀಕ್ಷೆ ಓದಿ, ದನಿ ತಗ್ಗಿಸಿದರು.

“ಹಾಗೇನೇ ನಮ್ಮ ಬ್ರದರ್ ವರ್ಲನ್‌ಗೋಸ್ಕರ ಪ್ರಾರ್ಥಿಸೋಣ. ಒಂದು ಹಕ್ಕಿ ವಿಷಯವಾಗಿ ಅವರ ಹೃದಯ ಭಾರವಾಗಿದೆ.”

ನಲವತ್ತು ತಲೆ ಬಾಗಿದವು. ಇನ್ನೂ ಬಾಯಲ್ಲಿದ್ದ ಹುರಿದ ಬೆಂಡೆಕಾಯಿ ವರ್ಲನ್‌ನ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಕೆಮ್ಮಿದ್ದನ್ನು ಜನ ಅಳು ಅಂದುಕೊಂಡು ಇನ್ನೂ ಗಟ್ಟಿಯಾಗಿ ಪ್ರಾರ್ಥಿಸಿದರು. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಅವನ ಭುಜ ತಟ್ಟಿ, “ಪಾಪ, ಬಂಗಾರದಂಥ ಮನುಷ್ಯ,” ಅಂದಳು. ಆ ಊರಿನಲ್ಲಿ ಹಾಗಂದರೆ ಮನುಷ್ಯ ಪೆದ್ದ ಅಂತ ಎಲ್ಲರೂ ಒಪ್ಪಿಯಾಗಿದೆ ಎಂದರ್ಥ.

ಮನೆಗೆ ಬರುವ ದಾರಿಯುದ್ದಕ್ಕೂ ವರ್ಲನ್ ಗಾಡಿಯೊಳಗೆ ಕೂಗಾಡಿದ. “ಕದ್ದದ್ದೂ ಅವನೇ, ದೇವರ ಹತ್ರ ದೂರು ಕೊಟ್ಟಿದ್ದೂ ಅವನೇ! ಪಟ್ಟೀಲಿ ನನ್ನ ಹೆಸರು ಬರೆಸಿದಾನಲ್ಲ, ನಿನ್ನ ತಮ್ಮ!”

“ಬರೆಸಿದ್ದು ನಾನು,” ಅಂದಳು ಇಮೋಜೀನ್.

ವರ್ಲನ್ ಅಂಗಳದಲ್ಲಿ ಗಾಡಿ ನಿಲ್ಲಿಸಿದ. ಇಳಿಯಲಿಲ್ಲ.

“ಕಂಬ ನೆಡಿಸಿದ್ದೂ ನಾನೇ. ಎಲ್ಲಾ ಒಂದೇ ಸಲ ಹೇಳಿಬಿಡ್ತೀನಿ, ಆಮೇಲೆ ನೀನು ಕೂಗು.” ಅವಳು ಮಡಿಲ ಮೇಲಿದ್ದ ಖಾಲಿ ಪಾತ್ರೆಯನ್ನು ಸರಿಮಾಡಿಕೊಂಡಳು. “ಮೂರು ವರ್ಷದ ಹಿಂದೆ ಎಷ್ಟು ಜೋಡಿ ಇದ್ದವು?”

“ಹದಿನಾಲ್ಕು.”

“ಆಮೇಲೆ?”

“ಏಳು.”

“ಹೋದ ವರ್ಷ?”

ವರ್ಲನ್ ಸ್ಟೀರಿಂಗ್ ಮೇಲಿನಿಂದ ಬೆರಳೆತ್ತಿ ತೋರಿಸಿದ. ಎರಡು.

“ಆ ಪಿಕಾನ್ ಮರ ನೋಡು, ವರ್ಲನ್. ನಮ್ಮ ಹುಡುಗಿ ಟ್ವೈಲಾ ಮದುವೆ ವರ್ಷ ನೀನೇ ನೆಟ್ಟಿದ್ದು. ಕಂಬದಿಂದ ಹನ್ನೆರಡೇ ಅಡಿ ದೂರ. ಈಗ ಕಂಬಕ್ಕಿಂತ ಎತ್ತರ ಆಗಿದೆ. ಮಾರ್ಟಿನ್‌ಗೆ ಸುತ್ತ ಬಯಲು ಬೇಕು. ಅಷ್ಟು ಹತ್ರ ಮರ ಇದ್ರೆ ಗಿಡುಗ ಅದ್ರಲ್ಲಿ ಕೂತು ಹೊಂಚು ಹಾಕುತ್ತೆ. ಇದನ್ನ ಹೇಳ್ಕೊಟ್ಟಿದ್ದೇ ನಿಮ್ಮಪ್ಪ. ಊರಿಗೆಲ್ಲ ಗೊತ್ತು.”

“ಗೊತ್ತಿದ್ರೆ ಯಾರಾದ್ರೂ ಬಾಯಿ ಬಿಡಬಾರ್ದಾ?”

“ಹೇಗೆ ಬಿಡ್ಲಿ? ಆ ನೆರಳಲ್ಲಿ ಕುರ್ಚಿ ಹಾಕ್ಕೊಂಡು, ಐಸ್ ಟೀ ಹಿಡ್ಕೊಂಡು, ಹಕ್ಕಿ ನೋಡ್ತಾ ಕೂತ್ರೆ ನಿನ್ನಷ್ಟು ಸುಖವಾದ ಮನುಷ್ಯ ಈ ಜಿಲ್ಲೇಲಿ ಇರ್ತಿರಲಿಲ್ಲ. ಮರ ಕಡಿ ಅಂದ್ರೆ ನೆರಳು ಹೋಗುತ್ತೆ, ಬಿಟ್ರೆ ಹಕ್ಕಿ ಹೋಗುತ್ತೆ. ಊರೇ ಬಿಟ್ಟು ಹೋಗೋ ಬದಲು ರಸ್ತೆ ಆಚೆಯಾದ್ರೂ ಇರಲಿ ಅಂತ ರೇಫರ್ಡ್‌ಗೆ ಹೇಳ್ದೆ. ನಿನ್ನ ಬುರುಡೆ ಕೇಳಿದ್ರೆ ನೀನು ಕಾರಣ ಕೇಳ್ತಿದ್ದೆ, ಅದಕ್ಕೇ ಪ್ಲಾಸ್ಟಿಕ್. ಈಗ ಕೂಗು.”

ಕೂಗಬೇಕೆಂದರೆ ಯಾರ ಮೇಲೆ ಕೂಗಬೇಕೆಂಬುದೇ ವರ್ಲನ್‌ಗೆ ತೋಚಲಿಲ್ಲ. ಅವನ ಜೀವಮಾನದಲ್ಲಿ ಇಂಥ ಬಡತನ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಗರಗಸ ಹಿಡಿದು ಹೊರಟ. ಕಂಬದಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆದ. ನಾಲ್ಕು ಹೆಜ್ಜೆ. ಇನ್ನೊಂದು ಸಲ ಸಣ್ಣ ಸಣ್ಣ ಹೆಜ್ಜೆ ಹಾಕಿ ಅಳೆದ, ಒಂಬತ್ತಾಯಿತು; ಅದರಿಂದ ಪ್ರಯೋಜನವಾಗಲಿಲ್ಲ. ಮರದ ಬುಡದಲ್ಲಿ ನಿಂತು ಮೇಲೆ ನೋಡಿದ. ಬೋಳು ಕೊಂಬೆಗಳ ತುದಿಯಲ್ಲಿ ಆಗಲೇ ಮೊಗ್ಗು. ಮಗಳ ಮದುವೆಯ ದಿನ ಸೂಟು ಹಾಕಿಕೊಂಡೇ ಗುಂಡಿ ತೋಡಿದ್ದ. ಪ್ರತಿ ನವೆಂಬರಿನ ಹಬ್ಬಕ್ಕೂ ಇಮೋಜೀನ್ ಮಾಡುವ ಪೈ ಎಂಬ ಸಿಹಿತಿಂಡಿ ಇದರ ಕಾಯಿಯದೇ. ಅವನು ಗರಗಸವನ್ನು ತೊಗಟೆಗೆ ತಾಗಿಸಿದ, ತೆಗೆದ, ಮತ್ತೆ ತಾಗಿಸಿದ.

“ಒಂದು ಹಕ್ಕಿ ಮಾತು ಕಟ್ಕೊಂಡು ಮನೆ ಮರ ಕಡೀಬೇಕಾ?” ಅಂತ ಮರಕ್ಕೇ ಗದರಿದ. “ಅವಕ್ಕೆ ಅಷ್ಟು ಕೊಬ್ಬಿದ್ರೆ ಅಲ್ಲೇ ಬಿದ್ದಿರಲಿ!”

ಗರಗಸ ಕೊಟ್ಟಿಗೆಗೆ ಹೋಯಿತು. ಆದರೆ ಅದನ್ನು ತಗುಲಿಹಾಕುವ ಮೊಳೆಯ ಪಕ್ಕದಲ್ಲೇ, ಈ ವರ್ಷಕ್ಕೆಂದು ಬಣ್ಣ ಹೊಡೆದಿಟ್ಟ ಹದಿನಾರು ಬುರುಡೆಗಳು ಸಾಲಾಗಿ ತೂಗುತ್ತಿದ್ದವು. ವರ್ಲನ್ ಅವನ್ನು ನೋಡುತ್ತ ನಿಂತ. ಎಷ್ಟು ಹೊತ್ತು ನಿಂತನೋ, ಮನೆಯೊಳಗೆ ಕಾಫಿ ಎರಡು ಸಲ ಬಿಸಿಯಾಯಿತು.

ಆಮೇಲೆ ಹದಿನಾರನ್ನೂ ತಳ್ಳುಗಾಡಿಗೆ ಹಾಕಿಕೊಂಡು ರಸ್ತೆ ದಾಟಿದ. ನೆಟ್ಟಗೆ ಮುಂದೆ ನೋಡುತ್ತ, ಆಸ್ತಿ ಜಪ್ತಿ ಮಾಡಲು ಹೊರಟ ಅಧಿಕಾರಿಯ ಹಾಗೆ.

ರೇಫರ್ಡ್ ಬಾಗಿಲಲ್ಲಿ ನಿಂತಿದ್ದ. “ಏನಿದು ವರ್ಲನ್?”

“ನಿನಗಲ್ಲ, ಹಲ್ಲು ಕಿರೀಬೇಡ. ನನ್ನ ಬಾಡಿಗೆದಾರರು ಎಲ್ಲಿದ್ರೂ ನನ್ನವರೇ. ಅವರು ಪ್ಲಾಸ್ಟಿಕ್‌ನಲ್ಲಿ ಮಲಗೋದನ್ನ ನಾನು ಬದುಕಿರೋವರೆಗೆ ನೋಡಲ್ಲ. ಏಣಿ ತಾ.”

“ಎರಡು ಜೋಡಿ ಆಗ್ಲೇ ಪ್ಲಾಸ್ಟಿಕ್ ಹಿಡ್ಕೊಂಡು ಕೂತಿವೆ...”

“ಅವೆರಡು ಇರಲಿ, ರುಚಿಗೆಟ್ಟವು. ಮಿಕ್ಕಿದ್ದು ಇಳಿಸು. ಆ ಪೆಟ್ಟಿಗೆ ಆರಿಸು, ಕಿವಿ ತೂತಾಗ್ತಿದೆ. ಮೊಟ್ಟೆಚಿಪ್ಪನ್ನ ಹೀಗಾ ಪುಡಿ ಮಾಡೋದು? ಕೋಳಿಗೆ ಹಾಕಿದ ಹಾಗಿದೆ!”

ರೇಫರ್ಡ್ ಏಣಿ ತಂದ. ಮಧ್ಯಾಹ್ನದವರೆಗೆ ಇಬ್ಬರೂ ಕಟ್ಟಿದರು. ಒಬ್ಬನು ಬೈಯುತ್ತ, ಇನ್ನೊಬ್ಬನು ಗಂಟು ಹಾಕುತ್ತ. ಕೆಳಗಿಳಿದ ಮೇಲೆ ವರ್ಲನ್ ಕಾಫಿ ಕುಡಿದ. ನೀರಿನ ಹಾಗಿದೆ ಅಂದು ಇನ್ನೊಂದು ಲೋಟ ಕೇಳಿದ.

ಏಪ್ರಿಲ್‌ನಲ್ಲಿ, ಹಳಬರ ಹಿಂದಿನಿಂದ, ಎಳೆಯ ಹಕ್ಕಿಗಳ ಎರಡನೇ ಗುಂಪು ಬಂತು. ಬಿಳಿ ಬುರುಡೆಗಳನ್ನು ಇಣುಕಿ, ಒಳಹೊಕ್ಕು, ಹೊರಬಂದು, ಹೆಂಡತಿಯನ್ನು ಕರೆತಂದು ತೋರಿಸಿ, ಒಂದೊಂದಾಗಿ ಒಂಬತ್ತು ಜೋಡಿ ನೆಲೆನಿಂತವು. ಫೋನ್ ಮಾಡಿದ್ದು ವರ್ಲನ್. “ನಮ್ಮವು ಬಂದವು,” ಅಂದ. “ಎಲ್ಲಿಗೆ?” ಅಂತ ಕೇಳಿದವರಿಗೆ ಫೋನ್ ಕುಕ್ಕಿದ.

ಮೇ ತಿಂಗಳ ಒಂದು ಮಧ್ಯಾಹ್ನ. ಗಾಳಿ ನಿಂತುಹೋಗಿ, ಬಿಸಿಲಿಗೆ ಹುಲ್ಲು ಕರಕಲು ವಾಸನೆ ಬಿಡುತ್ತಿತ್ತು. ಕುರ್ಚಿಯೂ ರಸ್ತೆ ದಾಟಿ ಬಂದು ಎರಡು ವಾರವಾಗಿತ್ತು. ರೇಫರ್ಡ್‌ನ ಬಯಲು ಅಂಗಳದ ನಡುವೆ ವರ್ಲನ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದ. ಕತ್ತಿನಿಂದ ಬೆವರು ಧಾರೆ. ತಲೆಯ ಮೇಲೆ ಮಾರ್ಟಿನ್‌ಗಳು ಗುಳುಗುಳು ಹಾಡುತ್ತ ಬುರುಡೆಗಳಿಗೆ ಹುಳ ಹೊರುತ್ತಿದ್ದವು. ಇಮೋಜೀನ್ ಐಸ್ ಟೀ ಹಿಡಿದು ರಸ್ತೆ ದಾಟಿ ಬಂದಳು. ರೇಫರ್ಡ್ ಮೆಟ್ಟಿಲ ಮೇಲೆ ಕೂತಿದ್ದ.

ವರ್ಲನ್ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಸುತ್ತ ಒಂದು ಸಲ ಕಣ್ಣು ಹಾಯಿಸಿದ. ಅವನ ಮುಖ ಕೆಂಪಗಾಯಿತು.

“ಲೋ ರೇಫರ್ಡ್, ಮೂವತ್ತು ವರ್ಷ ಆಯ್ತಲ್ಲೋ ಈ ಮನೇಲಿ ಇರೋಕೆ ಶುರು ಮಾಡಿ. ಮನುಷ್ಯ ಬಂದ್ರೆ ಕೂರೋಕೆ ನೆರಳು ಬೇಡ್ವಾ? ಆ ಕಂಬದ ಪಕ್ಕ ಒಂದು ಮರ ನೆಡೋಕೆ ನಿನಗೇನೋ ರೋಗ ಬಂದಿತ್ತು?”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಮೋಜೀನ್ ಸೆರಗಿಲ್ಲದ ಊರಿನವಳಾದ್ದರಿಂದ ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಖಾಲಿ ಲೋಟ ಎತ್ತಿಕೊಂಡು, ಬಿರಬಿರನೆ ಮನೆಯ ಕಡೆ ನಡೆದಳು.

“ನಗೋದು ಯಾಕೆ?” ಅಂತ ವರ್ಲನ್ ಅವಳ ಬೆನ್ನಿಗೆ ಕೂಗಿದ. “ನಾನೇನು ತಪ್ಪು ಹೇಳ್ದೆ?”